ಬಿಟ್ಟಿ, ಬೇವರ್ಸಿ, ಬಜಾರಿ

ಇನ್ನೊಬ್ಬರ ಒಳ್ಳೆಯ ಗುಣವನ್ನು ಹೇಳಹೊರಟರೆ ನಮಗೆ ಮಾತು ಬೇಗ ಮುಗಿದುಹೋಗುತ್ತದೆ. "ಪಾಪ, ಒಳ್ಳೆಯವರು" ಎಂದು ಸುಮ್ಮನಾಗುತ್ತೇವೆ. ಅದೇ ಅವರ ಕೆಟ್ಟ ಚಾಳಿಯನ್ನು ಹೇಳಬೇಕಾಗಿ ಬಂದರೆ ಮಾತಿನ ಉಗ್ರಾಣವೇ ತೆರೆದುಕೊಳ್ಳುತ್ತದೆ. ಕೈಬಿಚ್ಚಿ ಕೊಡಲಾರದವನು ಜಿಪುಣ, ಜುಗ್ಗ, ಕಂಜೂಸು. ತನ್ನನ್ನೇ ಹೊಗಳಿಕೊಳ್ಳುವವನು ಜಂಬಗಾರ, ಬಡಾಯಿಕೋರ, ಬುರುಡೆ ಬಿಡುವವನು. ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಮುಟ್ಟಿಸುವವನು ಚಾಡಿಕೋರ. ದೊಡ್ಡವರ ಹಿಂದೆ ಮುಂದೆ ಸುತ್ತುವವನು ಬಾಲಬಡುಕ. ಕೇಳದಿದ್ದರೂ ನಡುವೆ ಬಾಯಿ ಹಾಕುವವನು ಅಧಿಕಪ್ರಸಂಗಿ. ನಿಮ್ಮ ನಿಮ್ಮ ಓಣಿಯವರನ್ನು ಒಬ್ಬೊಬ್ಬರಾಗಿ ನೆನೆಯುತ್ತ ಹೋದರೆ ಈ ಪಟ್ಟಿಯನ್ನು ನೀವೇ ಮುಂದುವರಿಸಬಹುದು.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳಲ್ಲೇ ನನ್ನ ನೌಕರಿಯೆಲ್ಲ ಕಳೆದಿದೆ. ಕಲಿಸುವುದು ಇತಿಹಾಸ, ಅಗತ್ಯ ಬಿದ್ದಾಗ ಕನ್ನಡ. ಮಕ್ಕಳು ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನು ದಿನಕ್ಕೆ ಹತ್ತು ಸಲ ಕೇಳುವುದು ನಮ್ಮ ವೃತ್ತಿಯ ಪಾಡು. ಕೇಳಿ ಕೇಳಿ, ಈ ಮಾತುಗಳು ಎಲ್ಲಿಂದ ಬಂದವು ಎಂದು ಹುಡುಕುವ ಹುಚ್ಚು ಹಿಡಿಯಿತು. ಪಾ. ವೆಂ. ಆಚಾರ್ಯರು 'ಕಸ್ತೂರಿ'ಯಲ್ಲಿ ಬರೆಯುತ್ತಿದ್ದ 'ಪದಾರ್ಥ ಚಿಂತಾಮಣಿ', 1991ರಲ್ಲಿ 'ಪ್ರಜಾವಾಣಿ'ಯಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಆರಂಭಿಸಿದ 'ಇಗೋ ಕನ್ನಡ' ಓದಿದವರಿಗೆ ಈ ಹುಚ್ಚಿನ ರುಚಿ ಗೊತ್ತು. ಶಾಲೆಯ ಕಪಾಟಿನಲ್ಲಿ ಕಿಟ್ಟೆಲ್ ನಿಘಂಟಿನ ಮರುಮುದ್ರಣವೊಂದಿತ್ತು. ಆ ಜರ್ಮನ್ ಪಾದ್ರಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಆ ದಪ್ಪ ಪುಸ್ತಕದಲ್ಲಿ, ಮಾತು ಪರಭಾಷೆಯಿಂದ ಬಂದದ್ದಾದರೆ ಅದಕ್ಕೊಂದು ಚಿಕ್ಕ ಗುರುತು ಇರುತ್ತದೆ. ಆ ಗುರುತುಗಳ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದ್ದು ಬೈಗುಳದ ಅರ್ಥ ಮಾತ್ರವಲ್ಲ. ಪಠ್ಯಪುಸ್ತಕದಲ್ಲಿ ಇಲ್ಲದ ಇತಿಹಾಸವೂ ಸಿಕ್ಕಿತು.

ನಮ್ಮ ಕಡೆಯ ಇಂಥ ಮಾತುಗಳಿಗೆ ಮೊದಲ ಗಣಿ ಯಕ್ಷಗಾನದ ರಂಗಸ್ಥಳ. ಹೊನ್ನಾವರ ತಾಲ್ಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮುಂದೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು, ಭಸ್ಮಾಸುರನನ್ನು ನೋಡಲು ಜನ ರಾತ್ರಿಯಿಡೀ ನಿದ್ದೆಗೆಟ್ಟರು. ಆಟ ನೋಡಿ ಬಂದವರಿಗೆ ಊರಿನವರ ಗುಣಕ್ಕೆ ಹೆಸರು ಹುಡುಕುವ ಕಷ್ಟವಿಲ್ಲ. ಜಗಳ ಹಚ್ಚುವವನು ನಾರದ, ಒಳಗೊಳಗೇ ಮನೆ ಮುರಿಯುವವನು ಶಕುನಿ, ಕಿವಿಯೂದುವವಳು ಮಂಥರೆ, ಉಂಡು ಮಲಗುವವನು ಕುಂಭಕರ್ಣ. ಬಸ್ಸಿನಲ್ಲಿ ಮೈಮೇಲೆ ಬೀಳುವವನನ್ನು "ಏ ಕೀಚಕ" ಎಂದು ನಮ್ಮ ಕಡೆಯ ಹುಡುಗಿಯರು ಗಟ್ಟಿಯಾಗಿ ಕರೆದದ್ದನ್ನು ನಾನೇ ಕೇಳಿದ್ದೇನೆ. ಆ ಒಂದು ಮಾತಿಗೆ ಅವನು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ಮನೆಯಲ್ಲಿ ಮಾತ್ರ ಶೌರ್ಯ ತೋರಿಸುವ ಗಂಡಸರಿಗೆ 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಸಿದ್ಧವಾಗಿಯೇ ಇದೆ. ಒಲೆಯ ಮುಂದೆ ಕೂತು ಅವರನ್ನು ದಿನವೂ ನೋಡಿದವರು ಹೆಂಗಸರು. ಈ ಗಾದೆ ಅವರ ಬಾಯಿಂದಲೇ ಹುಟ್ಟಿರಬೇಕು ಎಂದು ನನ್ನ ಊಹೆ.

ಎರಡನೆಯ ಗಣಿ ಕಚೇರಿ. ಅರಬ್ಬಿ, ಫಾರಸಿ ಮಾತುಗಳು ನಮ್ಮ ಕರಾವಳಿಗೆ ಹೊಸವಲ್ಲ. ಭಟ್ಕಳದ ಬಂದರಿನಲ್ಲಿ ವಿಜಯನಗರದ ಅರಸರಿಗಾಗಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದವು. ಭಟ್ಕಳದ ನವಾಯತರ ಮನೆಮಾತಿನಲ್ಲಿ ಕೊಂಕಣಿಯ ಜೊತೆ ಅರಬ್ಬಿ, ಫಾರಸಿಗಳು ಇಂದಿಗೂ ಬೆರೆತಿವೆ. ಆದರೆ ಕನ್ನಡದ ಬೈಗುಳದೊಳಗೆ ಈ ಭಾಷೆಗಳು ಹೊಕ್ಕಿದ್ದು ಹೆಚ್ಚಾಗಿ ಕಂದಾಯದ ಕಾಗದಗಳ ಮೂಲಕ. ಬಹಮನಿ, ಆದಿಲಶಾಹಿ, ಮರಾಠರ ಆಡಳಿತದಲ್ಲಿ ಫಾರಸಿ ಮಾತುಗಳು ಕನ್ನಡ ನಾಡಿನ ಕಚೇರಿಗಳಲ್ಲಿ ಬೇರೂರಿದವು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ನಮ್ಮ ಕರಾವಳಿಯೂ ಅವನ ಕೈಗೆ ಬಂತು. 1799ರಲ್ಲಿ ಇಂಗ್ಲಿಷರು ಬಂದರು, ಆಳುವವರು ಬದಲಾದರು, ಕಚೇರಿಯ ಶಬ್ದಗಳು ಉಳಿದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಮರಾಠಿಯ ಸಂಪರ್ಕ ಇನ್ನಷ್ಟು ಹೆಚ್ಚಿತು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. ಆ ಹೊತ್ತಿಗೆ ಈ ಮಾತುಗಳು ನಮ್ಮ ಅಡುಗೆಮನೆಯವರೆಗೂ ಬಂದಾಗಿತ್ತು.

ಇವುಗಳಲ್ಲಿ ಒಂದು ವಿಚಿತ್ರವಿದೆ. ಮೂಲದಲ್ಲಿ ಒಳ್ಳೆಯ ಅರ್ಥವಿದ್ದ ಎಷ್ಟೋ ಮಾತು ನಮ್ಮಲ್ಲಿಗೆ ಬಂದು ಕೆಟ್ಟ ಚಾಳಿಯ ಹೆಸರಾಗಿವೆ. ಅರಬ್ಬಿಯಲ್ಲಿ 'ದಿಮಾಗ್' ಎಂದರೆ ಮಿದುಳು, ನಮ್ಮಲ್ಲಿ ಧಿಮಾಕು ಎಂದರೆ ಸೊಕ್ಕು. 'ದೌಲತ್' ಎಂದರೆ ಸಂಪತ್ತು, ರಾಜ್ಯ. "ಏನು ದೌಲತ್ತು ಇವಳದು!" ಎಂದರೆ ಹೊಗಳಿಕೆಯಲ್ಲ. 'ಹಿಕ್ಮತ್' ಎಂದರೆ ವಿವೇಕ, ನಮ್ಮ ಹಿಕಮತ್ತು ಬರಿಯ ಕುಯುಕ್ತಿ. 'ಮಸ್ಲಹತ್' ಎಂದರೆ ಎಲ್ಲರ ಹಿತ, ಹಿತದ ಆಲೋಚನೆ. ನಮ್ಮ ಮಸಲತ್ತು ಬಾಗಿಲು ಹಾಕಿಕೊಂಡು ಮಾಡುವ ಒಳಸಂಚು. 'ದಲ್ಲಾಲ್' ದಾರಿ ತೋರಿಸುವವನು, ನಮ್ಮ ದಲ್ಲಾಳಿ ಎರಡೂ ಕಡೆಯಿಂದ ಕಿತ್ತುಕೊಳ್ಳುವವನು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಘಟ್ಟದ ಮೇಲಿನ ಹತ್ತಿ ಕುಮಟಾ ಬಂದರಿನಿಂದ ರಾಶಿರಾಶಿಯಾಗಿ ಹೊರಟಿತು. 'ಕುಮಟಾ ಹತ್ತಿ' ಎಂಬ ಹೆಸರು ಇಂಗ್ಲೆಂಡಿನ ಪೇಟೆಯವರೆಗೂ ಹೋಗಿತ್ತು. ಬೆಳೆದ ರೈತನಿಗೂ ಕೊಳ್ಳುವ ದೊರೆಗೂ ನಡುವೆ ನಿಂತವನ ಮೇಲೆ ಜನಕ್ಕೆ ಎಂಥ ಪ್ರೀತಿ ಇದ್ದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಮಾತುಗಳು ಹೀಗೇಕೆ ಕೆಟ್ಟವು? ನನಗೆ ತೋರುವ ಕಾರಣ ಇಷ್ಟೆ. ಒಳಗೆ ಕೂತವರಿಗೆ ಅದು ಹಿತದ ಆಲೋಚನೆ. ಹೊರಗೆ ಬಿಸಿಲಿನಲ್ಲಿ ಕೈಕಟ್ಟಿ ನಿಂತ ರೈತನಿಗೆ ಅದು ತನ್ನ ಕಂದಾಯ ಏರಿಸುವ ಸಂಚು. ನಮ್ಮ ಭಾಷೆ ಆ ಹೊರಗೆ ನಿಂತವನ ಅರ್ಥವನ್ನು ಇಟ್ಟುಕೊಂಡಿತು. ಲಂಚಕೋರ, ದಗಾಕೋರ ಮಾತುಗಳ ಕೊನೆಯ 'ಕೋರ'ವೂ ಫಾರಸಿಯ 'ಖೋರ್', ಎಂದರೆ ತಿನ್ನುವವನು. ಲಂಚವನ್ನು ತೆಗೆದುಕೊಳ್ಳುವುದಲ್ಲ, ತಿನ್ನುವುದು ಎಂಬುದು ಫಾರಸಿಯವರಿಗೂ ನಮಗೂ ಒಂದೇ ಸಮನಾಗಿ ಹೊಳೆದಿದೆ! ಇಲ್ಲಿಯವರೆಗೆ ನನಗೆ ಸಂತೋಷವೇ. ಆಳುವವರ ಮಾತನ್ನು ಹಿಡಿದು ಆಳುವವರನ್ನೇ ಆಡಿಕೊಂಡ ಜನ ನಮ್ಮವರು.

ಆದರೆ ಪಟ್ಟಿಯ ಇನ್ನೊಂದು ಭಾಗಕ್ಕೆ ಬಂದಾಗ ಆ ಸಂತೋಷ ಉಳಿಯಲಿಲ್ಲ.

'ಬಿಟ್ಟಿ'ಯನ್ನೇ ತೆಗೆದುಕೊಳ್ಳಿ. ಈಗ ಅದಕ್ಕೆ ಪುಕ್ಕಟೆ ಎಂದು ಅರ್ಥ. ದುಡಿಯದೆ ತಿನ್ನುವವನನ್ನು ಬಿಟ್ಟಿ ಕೂಳಿನವನು ಎನ್ನುತ್ತೇವೆ. ಮೂಲ ಸಂಸ್ಕೃತದ 'ವಿಷ್ಟಿ'. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇರುವ ಈ ಮಾತಿಗೆ ಕೂಲಿಯಿಲ್ಲದ ಒತ್ತಾಯದ ದುಡಿಮೆ ಎಂದು ಅರ್ಥ. ಹಳೆಯ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿ ಬಿಟ್ಟಿಯೂ ಬರುತ್ತದೆ. ಒಡೆಯನ ಕೆರೆ ತೋಡುವುದು, ಅಧಿಕಾರಿ ಬಂದರೆ ಅವನ ಗಂಟು ಹೊರುವುದು, ಇವೆಲ್ಲ ಬಿಟ್ಟಿ. ಫಾರಸಿಯ 'ಬೇಗಾರ್' ಬಂದ ಮೇಲೆ ಎರಡೂ ಸೇರಿ ಬಿಟ್ಟಿಬೇಗಾರಿ ಆಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ 23ನೇ ವಿಧಿಯಲ್ಲಿ 'ಬೇಗಾರ್' ಎಂಬ ಶಬ್ದವನ್ನೇ ಬಳಸಿ ಅದನ್ನು ನಿಷೇಧಿಸಿತು. ಜೀತಪದ್ಧತಿಯನ್ನು ರದ್ದು ಮಾಡುವ ಕಾಯಿದೆ 1976ರಲ್ಲಿ ಬಂತು. ನೋಡಿ, ಕೂಲಿಯಿಲ್ಲದೆ ದುಡಿದವನ ಹೆಸರಾಗಿದ್ದ ಮಾತು ದುಡಿಯದೆ ತಿನ್ನುವವನ ಹೆಸರಾಗಿದೆ. ಬಿಟ್ಟಿ ದುಡಿಸಿಕೊಂಡವನಿಗೆ ಇಂಥ ಒಂದು ಹೆಸರೂ ಅಂಟಲಿಲ್ಲ.

ಇದು ಬರಿಯ ಹಳೆಯ ಕಥೆಯಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆದ್ದು ರಾತ್ರಿ ಹತ್ತಕ್ಕೆ ಪಾತ್ರೆ ಕವುಚಿ ಹಾಕುವ ಹೆಂಗಸಿಗೆ "ಮನೆಯಲ್ಲಿ ಬಿಟ್ಟಿ ಕೂತು ತಿನ್ನುತ್ತೀಯಲ್ಲ" ಎಂಬ ಮಾತು ಬರುವುದನ್ನು ನೀವು ಕೇಳಿಲ್ಲವೆ? ಅವಳು ಮಾಡುತ್ತಿರುವುದು ಶಾಸನದಲ್ಲಿ ಬರೆದ ಬಿಟ್ಟಿ, ಅವಳು ಕೇಳಿಸಿಕೊಳ್ಳುವುದು ಈಗಿನ ಬಿಟ್ಟಿ. ಒಂದೇ ಮಾತಿನ ಎರಡು ಅರ್ಥಗಳೂ ಅವಳ ತಲೆಯ ಮೇಲೇ ಬಿದ್ದಿವೆ.

'ಬೇವರ್ಸಿ'ಯದೂ ಇಂಥದೇ ಕಥೆ. ಶಾಲೆಯ ಅಂಗಳದಲ್ಲಿ ಮಕ್ಕಳ ಬಾಯಲ್ಲಿ ಅತಿ ಹೆಚ್ಚು ಓಡಾಡುವ ಬೈಗುಳ ಇದು. ಹೊಣೆಯಿಲ್ಲದೆ ತಿರುಗುವವನು, ಯಾರ ಮಾತೂ ಕೇಳದವನು ಎಂಬ ಅರ್ಥದಲ್ಲಿ ಬಳಸುತ್ತಾರೆ. ಅರಬ್ಬಿಯ 'ವಾರಿಸ್' ಎಂದರೆ ಉತ್ತರಾಧಿಕಾರಿ, ಫಾರಸಿಯ 'ಬೇ' ಎಂದರೆ ಇಲ್ಲದ. ವಾರಸುದಾರರಿಲ್ಲದ ಆಸ್ತಿ ಸರ್ಕಾರಕ್ಕೆ ಹೋಗುತ್ತಿತ್ತು, ಅದು ಕಚೇರಿಯ ಭಾಷೆಯಲ್ಲಿ ಬೇವಾರಸು. ಗುರುತು ಸಿಗದ ಹೆಣವೂ ಬೇವಾರಸು. ಅಲ್ಲಿಂದ ಅದು ಬದುಕಿರುವ ಮನುಷ್ಯನ ಮೇಲೆ ಬಂತು. ದಿಕ್ಕಿಲ್ಲದಿರುವುದು ಒಂದು ದುಃಖ ಎಂಬುದು ಮರೆತು ಅದೊಂದು ದುರ್ಗುಣ ಎಂದಾಯಿತು.

ಹೊನ್ನಾವರದಲ್ಲಿದ್ದಾಗ ನನ್ನ ಪರಿಚಯದ ಒಂದು ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು. ನಾಲ್ವರೂ ಓದಿದವರು, ತಂದೆ ತಾಯಿಯನ್ನು ನೋಡಿಕೊಳ್ಳುವವರು. ಆದರೂ ಬಂದ ನೆಂಟರು "ವಾರಸಿಲ್ಲದ ಮನೆ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲೇ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಪಾಲು ಕೊಟ್ಟಿತ್ತು. ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ ಬಂತು, ಅದೂ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. ದೇಶಕ್ಕೆಲ್ಲ, ಮದುವೆಯಾದವರಿಗೂ ಸೇರಿ, ಬಂದದ್ದು 2005ರಲ್ಲಿ. ಈ ವಿಷಯ ಒಮ್ಮೆ ಸ್ಟಾಫ್ ರೂಮಿನಲ್ಲಿ ಬಂದಾಗ ಭಟ್ಕಳದ ನವಾಯತ ಸಹೋದ್ಯೋಗಿಯೊಬ್ಬರು ನಕ್ಕು, "ಅಕ್ಕಾ, ನಮ್ಮ ವಾರಿಸ್‌ನಲ್ಲಿ ಮಗಳೂ ಇದ್ದಾಳೆ. ಮಗನ ಅರ್ಧದಷ್ಟಾದರೂ ಪಾಲು ಅವಳಿಗೆ ಬರೆದೇ ಇದೆ. ನೀವು ಮಾತನ್ನು ತೆಗೆದುಕೊಂಡಿರಿ, ಮಗಳನ್ನು ಅಲ್ಲೇ ಬಿಟ್ಟಿರಿ" ಎಂದರು. "ಬರೆದದ್ದೆಲ್ಲ ಕೈಗೆ ಸಿಗುತ್ತದೆಯೆ?" ಎಂದು ನಾನು ಕೇಳಿದೆ. "ಅದು ಬೇರೆ ಪಾಠ" ಎಂದು ಅವರು ಡಬ್ಬಿ ತೆರೆದರು.

ಇನ್ನು ಬಜಾರಿ. ನಾಚಿಕೆಯಿಲ್ಲದೆ ಗಟ್ಟಿಯಾಗಿ ಮಾತಾಡುವವಳು, ಜಗಳಕ್ಕೆ ನಿಲ್ಲುವವಳು ಎಂಬ ಅರ್ಥದಲ್ಲಿ ನಾವೆಲ್ಲ ಕೇಳಿದ ಮಾತು. ಮೂಲ ಫಾರಸಿಯ ಬಾಜಾರ್. ಬಜಾರಿ ಎಂದರೆ ಪೇಟೆಯವಳು, ಅಷ್ಟೆ. ಆದರೆ ಮನೆಯ ಹೊಸಲಿನ ಒಳಗಿರುವವಳೇ ಮರ್ಯಾದಸ್ಥೆ ಎಂದು ನಂಬಿದವರಿಗೆ ಪೇಟೆಯಲ್ಲಿ ನಿಂತವಳು ಕೆಟ್ಟವಳಾಗಿ ಕಂಡಳು.

ನಮ್ಮ ಮೂರು ಊರುಗಳ ಪೇಟೆಯನ್ನು ನೋಡಿದವರಿಗೆ ಇದರ ಅನ್ಯಾಯ ತಿಳಿಯುತ್ತದೆ. ಕುಮಟೆಯ ಪೇಟೆಗೆ ಹಾಲಕ್ಕಿ ಹೆಂಗಸರು ಬೆಳಗಾಗುವ ಮೊದಲೇ ತರಕಾರಿ ಬುಟ್ಟಿ ಹೊತ್ತು ಬರುತ್ತಾರೆ. ತದಡಿ, ಕಾಸರಕೋಡ, ಮಾವಿನಕುರ್ವೆಯ ಬಂದರುಗಳಲ್ಲಿ ದೋಣಿ ಬಂದೊಡನೆ ಖಾರ್ವಿ, ಹರಿಕಂತ್ರ, ಮೊಗೇರ ಹೆಂಗಸರು ಮೀನು ಹಿಡಿದು ಪೇಟೆಗೆ ಓಡುತ್ತಾರೆ. ಸಮುದ್ರದ್ದು ಗಂಡಸಿನ ಪಾಲು, ಅದನ್ನು ದುಡ್ಡು ಮಾಡುವುದು ಹೆಂಗಸಿನ ಪಾಲು. ಮೀನು ಮಧ್ಯಾಹ್ನದವರೆಗೆ ಕಾಯುವ ಸಾಮಾನಲ್ಲ. ಅವಳು ಮೆಲ್ಲಗೆ ಮಾತಾಡುತ್ತ ಕೂತರೆ ಮನೆಯಲ್ಲಿ ಅನ್ನ ಬೇಯುವುದಿಲ್ಲ. ಗಟ್ಟಿ ದನಿ ಅವಳಿಗೆ ತಕ್ಕಡಿಯಷ್ಟೇ ಅಗತ್ಯವಾದ ಸಲಕರಣೆ.

ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಾಯಿ ಮೀನು ಮಾರುವವಳು. ಪಾಠವನ್ನು ಎಲ್ಲರಿಗೂ ಕೇಳುವಂತೆ ಓದು ಎಂದರೆ ಮೊದಲು ಏಳುವವಳು ಅವಳೇ, ಅಷ್ಟು ಒಳ್ಳೆಯ ಕಂಠ. ಒಂದು ವಾರ ಅವಳು ಏಳಲೇ ಇಲ್ಲ. ಎಬ್ಬಿಸಿದರೆ ತುಟಿಯಲ್ಲೇ ಓದಿದಳು. ವಿಚಾರಿಸಿದಾಗ ತಿಳಿಯಿತು, ಹಿಂದಿನ ಬೆಂಚಿನವರು ಅವಳಿಗೆ "ಬಜಾರಿ ಮಗಳು ಬಜಾರಿ" ಎಂದಿದ್ದರು.

ಹೊಡೆಯುವುದರಿಂದ, ಬೈಯುವುದರಿಂದ ಹೋಗುವ ಮಾತಲ್ಲ ಅದು. ಅಂದು ಇತಿಹಾಸದ ಪಿರಿಯಡ್ಡಿನಲ್ಲಿ ಹೊನ್ನಾವರದ ಕಥೆ ತೆಗೆದೆ. 14ನೇ ಶತಮಾನದ ನಡುವಿನಲ್ಲಿ ಇಬ್ನ್ ಬತೂತ ಎಂಬ ಪ್ರವಾಸಿ ಇಲ್ಲಿಗೆ ಬಂದಿದ್ದ. ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡು, ಇಂಥದನ್ನು ಬೇರೆಲ್ಲೂ ನೋಡಲಿಲ್ಲ ಎಂದು ಬರೆದಿಟ್ಟ. ಸುಮಾರು ಏಳು ಶತಮಾನಗಳ ಹಿಂದೆ ಈ ನೆಲದಲ್ಲಿ ಹೆಣ್ಣುಮಕ್ಕಳು ಪಾಠ ಒಪ್ಪಿಸುತ್ತಿದ್ದರು. ಆಮೇಲೆ 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಮೆಣಸಿನ ವ್ಯಾಪಾರವೇ ಅವಳ ಬಲ. "ಅವಳೂ ಒಂದು ಲೆಕ್ಕದಲ್ಲಿ ಬಜಾರಿಯೇ ಅಲ್ಲವೆ?" ಎಂದು ಕೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು.

ಬೋರ್ಡಿನ ಮೇಲೆ 'ಬಜಾರು' ಎಂದು ಬರೆದು, ಯಾರ ಮನೆಯವರು ಬಜಾರಿನಲ್ಲಿ ದುಡಿಯುತ್ತಾರೆ ಎಂದು ಕೇಳಿದೆ. ಅರ್ಧ ತರಗತಿಯ ಕೈ ಮೇಲೆ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬನ ತಂದೆಯದು ಕಿರಾಣಿ ಅಂಗಡಿ.

"ನಿನ್ನ ಅಪ್ಪನನ್ನು ಊರವರು ಏನೆಂದು ಕರೆಯುತ್ತಾರೆ?"

"ಸಾಹುಕಾರ್ರು ಅಂತಾರೆ ಅಕ್ಕೋರೆ."

ಪೇಟೆಯಲ್ಲಿ ಕೂತ ಗಂಡಸು ಸಾಹುಕಾರ, ಪೇಟೆಯಲ್ಲಿ ಕೂತ ಹೆಂಗಸು ಬಜಾರಿ. ಅದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಮುಂದಿನ ಸಾಲಿನಿಂದ ಆ ಹುಡುಗಿ ಎದ್ದು ನಿಂತಳು. "ಅಕ್ಕೋರೆ, ಹಂಗಾರೆ ನಮ್ಮ ಅಮ್ಮಂಗೂ ಸಾಹುಕಾರ್ತಿ ಅನ್ಲಕ್ಕಾ?" ತರಗತಿ ನಕ್ಕಿತು. ಅವಳು ನಗಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತಿದ್ದಳು. "ಅನ್ನಬಹುದು, ಅನ್ನಬೇಕು" ಎಂದೆ. ಅವಳ ಮೊದಲಿನ ದನಿ ಪೂರ್ತಿ ಮರಳಲು ಆ ವರ್ಷ ಕಳೆಯಬೇಕಾಯಿತು. ಹುಡುಗರ ಬಾಯಿಂದ ಆ ಮಾತು ಮತ್ತೆ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಎಂದು ತಿಳಿಯಬೇಡಿ. ಹಾಂಗ್‌ಕಾಂಗಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಾಗ ಅಲ್ಲಿನ ಕ್ಯಾಂಟನೀಸ್ ಆಡುಮಾತಿನ ಕೆಲವು ನುಡಿಗಟ್ಟು ಹೇಳಿ ನಗಿಸಿದಳು. ನಾವು ಕಾರ್ಯ ಆಗಬೇಕಾದವರಿಗೆ ಬೆಣ್ಣೆ ಹಚ್ಚಿದರೆ ಅವರು ಬೂಟು ತಿಕ್ಕುತ್ತಾರಂತೆ. ಬರುತ್ತೇನೆಂದು ಹೇಳಿ ಬಾರದೆ ಕಾಯಿಸುವುದಕ್ಕೆ ಅವರು ವಿಮಾನ ಬಿಡುವುದು ಎನ್ನುತ್ತಾರೆ. ನಮ್ಮಲ್ಲಿ ಸುಳ್ಳು ಬಡಾಯಿ ಕೊಚ್ಚುವುದು ರೈಲು ಬಿಡುವುದು. ಕೊಂಕಣ ರೈಲು ನಮ್ಮ ಕರಾವಳಿಯುದ್ದಕ್ಕೂ ಪೂರ್ತಿ ಓಡತೊಡಗಿದ್ದು 1998ರಲ್ಲಿ, ರೈಲು ಬಿಡುವವರು ಮಾತ್ರ ನಾನು ಚಿಕ್ಕವಳಿದ್ದಾಗಲೇ ಕುಮಟೆಯಲ್ಲಿ ಬೇಕಾದಷ್ಟಿದ್ದರು! ಕೊನೆಗೆ ಅವಳು ಹೇಳಿದ್ದು 'ಬಾತ್ ಪೋ'. ಇನ್ನೊಬ್ಬರ ಮನೆಯ ವಿಷಯಕ್ಕೆ ಮೂಗು ತೂರಿಸುವವಳು ಎಂದು ಅರ್ಥ. ಅದರಲ್ಲಿನ 'ಪೋ' ಎಂದರೆ ಹೆಂಗಸು. ಇಂಗ್ಲಿಷಿನ 'ಗಾಸಿಪ್' ಕೂಡ ಮೊದಲು ಗೌರವದ ಮಾತೇ. ಮಗುವಿನ ದೀಕ್ಷೆಯ ವೇಳೆ ಧರ್ಮದ ತಂದೆತಾಯಿಯಾಗಿ ನಿಂತ ಆಪ್ತರಿಗೆ ಆ ಹೆಸರಿತ್ತು. ಮುಂದೆ ಹೆರಿಗೆಯ ಹೊತ್ತಿಗೆ ಬಂದು ಕೂಡುವ ಗೆಳತಿಯರಿಗೆ ಬಂತು. ನಾಲ್ಕು ಹೆಂಗಸರು ಸೇರಿ ಆಡಿದ್ದೆಲ್ಲ ಕಾಡುಹರಟೆ ಎಂದುಕೊಂಡ ಲೋಕ ಕೊನೆಗೆ ಹರಟೆಗೇ ಆ ಹೆಸರಿಟ್ಟಿತು.

ಕೆಟ್ಟ ಚಾಳಿಗೆ ಹೆಸರೇ ಬೇಡ ಎಂದು ನಾನು ಹೇಳುತ್ತಿಲ್ಲ. ಲಂಚಕೋರನನ್ನು ಲಂಚಕೋರ ಎನ್ನಲೇಬೇಕು, ಕೀಚಕನನ್ನು ಕೀಚಕ ಎಂದು ಬಸ್ಸಿಗೆಲ್ಲ ಕೇಳುವಂತೆ ಕರೆಯಬೇಕು. ಅವು ಮಾಡಿದ ಕೆಲಸಕ್ಕೆ ತಕ್ಕ ಮಾತು. ಇನ್ನೊಬ್ಬರ ಬಡತನಕ್ಕೆ, ದಿಕ್ಕಿಲ್ಲದ ಸ್ಥಿತಿಗೆ, ದುಡಿಮೆಗೆ ಅಂಟಿಸಿದ ಮಾತುಗಳ ದಾರಿಯೇ ಬೇರೆ. ಕೆಲವು ಸಲ ಅಂಥ ಮಾತನ್ನು ಬೈಸಿಕೊಂಡವರೇ ಎತ್ತಿಕೊಂಡು ಮುಡಿದದ್ದೂ ಉಂಟು. ಪೂರ್ಣಚಂದ್ರ ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು' 2016ರಲ್ಲಿ ಸಿನಿಮಾ ಆಗಿ ಬಂದಾಗ, ನಮ್ಮ ಮಹಿಳಾ ಮಂಡಳದ ಸದಸ್ಯೆಯರು ಒಟ್ಟಾಗಿ ನೋಡಿ ಬಂದು ಒಂದು ತಿಂಗಳು ಒಬ್ಬರನ್ನೊಬ್ಬರು ಗಯ್ಯಾಳಿ ಎಂದೇ ಕರೆದುಕೊಂಡರು.

ಈಗ ಪ್ರತಿ ವರ್ಷ ನನ್ನ ತರಗತಿಯ ಮಕ್ಕಳಿಗೆ ದಸರಾ ರಜೆಯಲ್ಲಿ ಒಂದು ಕೆಲಸ ಕೊಡುತ್ತೇನೆ. ಅಜ್ಜಿಯ ಬಾಯಿಂದ ಹತ್ತು ಬೈಗುಳ ಬರೆದುಕೊಂಡು ಬರಬೇಕು, ಪ್ರತಿಯೊಂದರ ಮುಂದೆ ಮೂಲದಲ್ಲಿ ಅದು ಯಾರ ಹೆಸರಾಗಿತ್ತು ಎಂದು ಬರೆಯಬೇಕು. ಮೊದಲು ತಾಯಂದಿರು ಗಾಬರಿಯಾದರು. ಹೋದ ವರ್ಷ ಒಬ್ಬ ಹುಡುಗನ ಪಟ್ಟಿಯಲ್ಲಿ 'ಬಿಟ್ಟಿ' ಇತ್ತು. ಅದರ ಮುಂದೆ ಪೆನ್ಸಿಲಿನಲ್ಲಿ, "ನಮ್ಮ ಅಮ್ಮ" ಎಂದು ಬರೆದಿದ್ದ.